ನೀರಾಗ ಊದ್ಸೋರು ಯಾರು?

ರಬಕವಿಯ ಕೃಷ್ಣಾ ತೀರದಲ್ಲಿ ಬೈಕ್ ಸಮೇತ ದೋಣಿ ಹತ್ತೋದು ನಮ್ಮ ಕಡೆಯವರಿಗೆ ಬಸ್ ಹತ್ತಿದಷ್ಟೇ ಸಹಜ. ಆಚೆ ದಡದಲ್ಲಿ ಮಹಿಷವಾಡಗಿ. ರಸ್ತೆ ಹಿಡಿದರೆ ಸುತ್ತು ಬಳಸು, ನೀರಲ್ಲಾದರೆ ಒಂದು ಚಹಾ ಕುಡಿಯುವಷ್ಟು ಹೊತ್ತು. ಅದಕ್ಕೇ ಇರಬೇಕು, ದೋಣಿ ಅಂದರೆ ಭಯ ಅನ್ನೋದೇ ನನಗೆ ಗೊತ್ತಿರಲಿಲ್ಲ.

ದಸರಾ ರಜೆಗೆ ಬೆಂಗಳೂರಿನ ನಾಲ್ವರು ಗೆಳೆಯರು ಬನಹಟ್ಟಿಯ ನಮ್ಮ ಮನೆಗೆ ಬಂದಿದ್ದರು. ಮಗ್ಗದ ಸದ್ದಿಗೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಗೊಣಗುತ್ತಲೇ, "ನಿಮ್ಮ ಕಡೆ ನೋಡೋಕೆ ಏನಿದೆ?" ಅಂದರು. ನೀರಿದೆ ಬರ್ರೋ, ಅಂದೆ.

ಮೊದಲು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬ್ಯಾರೇಜ್. ಸರ್ಕಾರಕ್ಕೆ ಕಾಯದೆ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ 1989ರಲ್ಲಿ ಕಟ್ಟಿದ್ದು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಅಂತಲೇ ಹೆಸರಾಯಿತು. ಇದನ್ನೆಲ್ಲ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು, ಇರಲಿ. ಮುಧೋಳದಲ್ಲಿ ನಾಯಿ ನೋಡಿದ್ದು, ಊಟ ಮಾಡಿದ್ದು, ಅಷ್ಟೇ. ಸಂಜೆ ನಾಲ್ಕಕ್ಕೆ ಬೀಳಗಿ ಕಡೆಯ ಹಿನ್ನೀರಿಗೆ ಬಂದೆವು.

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲ ಮುಗಿದು ಡ್ಯಾಮ್ ತುಂಬಿ ನಿಂತಾಗ ನೀರು ಹೊಲದ ಬದುವಿನ ತನಕ ಬರುತ್ತದೆ. ಆ ನೀರಿನ ಕೆಳಗೆ ಊರುಗಳಿದ್ದವು. ಮನೆ, ಗುಡಿ, ಬಾವಿ ಬಿಟ್ಟು ಮೇಲಕ್ಕೆ ಬಂದವರೇ ಈಗ ಎಷ್ಟೋ ಜನ ಅದೇ ನೀರಲ್ಲಿ ಬಲೆ ಹಾಕುತ್ತಾರೆ.

ದಡದಲ್ಲಿ ಮೀನು ಹಿಡಿಯುವ ಒಬ್ಬ ಹಿರಿಯರು ಹರಗೋಲು ಕಟ್ಟುತ್ತಿದ್ದರು.

"ಕಾಕಾ, ಒಂದ್ ರೌಂಡ್ ಹೊಡಸ್ತೀರೇನ್ರಿ?"

"ನಾಕ್ ಮಂದಿ ಆದ್ರ ಬರ್ರಿ."

ನಾವು ಐವರು. ಐನೂರು ರೂಪಾಯಿ ನೋಟು ತೋರಿಸಿದೆವು, ಹತ್ತಿದೆವು. ಲೈಫ್ ಜಾಕೆಟ್ ಕೇಳುವ ಯೋಚನೆ ಒಬ್ಬರಿಗೂ ಬರಲಿಲ್ಲ. ನಡುನೀರಿಗೆ ಬಂದಾಗ ಬ್ಯಾಗಿನಿಂದ ಬಾಟಲಿ ಹೊರಗೆ ಬಂತು. "ಇಲ್ಲಿ ಊದ್ಸೋರು ಯಾರಿದಾರೆ ಗುರು?" ಅಂದ ಒಬ್ಬ. ಎಲ್ಲರೂ ನಕ್ಕೆವು.

ಕಾಕಾನಿಗೆ ಮೊದಲ ಗ್ಲಾಸ್ ಸುರಿದು ಕೊಟ್ಟದ್ದು ನಾನೇ. "ಒಲ್ಲೆಪಾ" ಅಂದರು. "ಒಂದ್ ಗುಟುಕ್ರಿ" ಅಂದೆ. ಒಂದು ಮೂರಾಯಿತು.

ಆಮೇಲಿನದು ಒಂದೇ ನಿಮಿಷದ ಮಾತು. ಗೆಳೆಯನೊಬ್ಬ ಸೆಲ್ಫಿಗೆ ಎದ್ದು ನಿಂತ. ಹರಗೋಲು ವಾಲಿತು, ಪಾದ ಮುಳುಗುವಷ್ಟು ನೀರು ಒಳಗೆ ಬಂತು. ಕಾಕಾ ತಿರುಗಿಸಲು ನೋಡಿದರು, ಕೈ ತಡವಾಯಿತು, ಹುಟ್ಟು ಜಾರಿ ತೇಲಿಹೋಯಿತು. ನಮ್ಮಲ್ಲಿ ಈಜು ಬರುತ್ತಿದ್ದದ್ದು ಇಬ್ಬರಿಗೆ. ಬೊಗಸೆಯಲ್ಲಿ ನೀರು ಹೊರಗೆ ಚೆಲ್ಲುತ್ತ, ಕಡಲೆ ತಂದಿದ್ದ ಸ್ಟೀಲ್ ಡಬ್ಬಿಯಿಂದ ಹುಟ್ಟು ಹಾಕುತ್ತ ಕತ್ತಲಾಗುವವರೆಗೂ ಅಲ್ಲೇ ತಿರುಗುತ್ತಿದ್ದೆವು. ಬಲೆ ಹಾಕಲು ಹೊರಟಿದ್ದ ಇನ್ನೊಬ್ಬರು ಬಂದು ಹಗ್ಗ ಕಟ್ಟಿ ಎಳೆದರು. ಕಾಕಾನ ಬಾಯಿಯ ವಾಸನೆ ಅವರಿಗೆ ತಿಳಿಯಿತು. ನಮ್ಮ ಕಡೆ ತಿರುಗಿ ಅಂದರು: "ನಿಮ್ ಬಸ್ಸಿನ ಡ್ರೈವರಗೂ ಹಿಂಗ ಕುಡಸ್ತೀರೇನ್ರಿ?"

ಆ ರಾತ್ರಿ ನಿದ್ದೆ ಬರದೆ ಕಾನೂನು ಹುಡುಕುತ್ತ ಕೂತೆ. ರಸ್ತೆಯ ಮೇಲಾದರೆ ಲೆಕ್ಕ ಖಚಿತ: ಮೋಟಾರು ವಾಹನ ಕಾಯ್ದೆಯ 185ನೇ ಕಲಂ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಆ ಕಾಯ್ದೆ ರಸ್ತೆಯ ವಾಹನಕ್ಕೆ, ದೋಣಿಗಲ್ಲ. ದೋಣಿಗೆ ಭಾರತೀಯ ನ್ಯಾಯ ಸಂಹಿತೆಯ 282ನೇ ಕಲಂ ಇದೆ: ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ, ನಿರ್ಲಕ್ಷ್ಯದಿಂದ ನಡೆಸಿದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ. ಹಳೇ ಐಪಿಸಿಯಲ್ಲಿ ಆ ದಂಡ ಬರೀ ಸಾವಿರ ರೂಪಾಯಿ ಇತ್ತು. ಬಾಡಿಗೆಗೆ ಮಿತಿಮೀರಿ ಜನ ತುಂಬಿದರೆ 284. ಆದರೆ ಇವೆರಡರಲ್ಲೂ 30 ಮಿ.ಗ್ರಾಂನಂಥ ಅಳತೆ ಇಲ್ಲ. ಕುಡಿದಿದ್ದ ಅನ್ನೋದಷ್ಟೇ ಸಾಲದು, ನಡೆಸಿದ ರೀತಿ ಅಪಾಯಕಾರಿ ಅಂತ ತೋರಿಸಬೇಕು.

ಅಮೆರಿಕದಲ್ಲಿ ಮೋಜಿನ ದೋಣಿ ನಡೆಸುವವರಿಗೂ 80 ಮಿ.ಗ್ರಾಂ ಮಿತಿ ಇದೆ. ಬ್ರಿಟನ್ನಿನವರು 2003ರಲ್ಲಿ ಕಾಯ್ದೆ ಮಾಡಿ ವೃತ್ತಿಪರ ನಾವಿಕರಿಗೆ ಅಳತೆ ಹಾಕಿದರು, ಮೋಜಿನವರಿಗೆ ಬರೆದ ಕಲಮನ್ನು ಮಾತ್ರ ಜಾರಿಗೆ ತರದೆ ಬಿಟ್ಟರು. ನೀರಲ್ಲಿ ಬ್ರೇಕಿಲ್ಲ, ಬಿಸಿಲು-ಗಾಳಿಯಲ್ಲಿ ದೇಹ ಬೇಗ ದಣಿಯುತ್ತದೆ, ಬಿದ್ದರೆ ನೆಲ ಸಿಗೋದಿಲ್ಲ. ಇಷ್ಟಾಗಿಯೂ ಹೀಗೆ!

ಓದುತ್ತ ಓದುತ್ತ ಇನ್ನೊಂದು ಹೊಳೆಯಿತು. ಅಂದು ಕೇಸಾಗಿದ್ದರೆ ಮೊದಲು ಬರುತ್ತಿದ್ದ ಹೆಸರು ಕಾಕಾನದು. ನಡೆಸಿದವರು ಅವರು, ಬಾಡಿಗೆ ತೆಗೆದುಕೊಂಡವರು ಅವರು. ಗ್ಲಾಸ್ ಹಿಡಿದ ನಾವು ಆಗಲೇ ಬೆಂಗಳೂರಿನ ಬಸ್ಸಿನಲ್ಲಿ ಇರುತ್ತಿದ್ದೆವೋ ಏನೋ.

ಮರುದಿನ ಒಬ್ಬನೇ ಬೀಳಗಿಗೆ ಹೋಗಿ ಹುಟ್ಟಿನ ದುಡ್ಡು ಕೊಟ್ಟೆ. ಕಾಕಾ ಎಣಿಸಲಿಲ್ಲ. "ನಮ್ಮಾಕಿ ಮುಂದ ಹೇಳಬ್ಯಾಡ್ರಿ ಮತ್ತ" ಅಂದರಷ್ಟೇ.

ಅದಾಗಿ ಎರಡು ದಿನಕ್ಕೆ ಅವ್ವನನ್ನು ಕರೆದುಕೊಂಡು ಮಹಿಷವಾಡಗಿ ಕಡೆ ಮದುವೆಗೆ ಹೊರಟೆ. ದೋಣಿ ಹತ್ತುವಾಗ ನಡೆಸುವವನ ಹತ್ತಿರ ಒಂದು ಹೆಜ್ಜೆ ಸರಿದು ನಿಂತೆ. ಎಲೆ-ಅಡಿಕೆ ವಾಸನೆ ಬಂತು, ಬೇರೇನಿಲ್ಲ.

"ಯಾಕೋ, ಅವನ್ನ ಹಂಗ ಮೂಸಿ ನೋಡಾಕತ್ತಿ?" ಅಂದಳು ಅವ್ವ.

"ಏನಿಲ್ಲಬೇ, ಕುಂದರು" ಅಂದೆ.