ತೆಲಿಗಿಯ ಕೊಟ್ಟಿಗೆಯಲ್ಲೊಂದು ರೇವಾ

"ಕಾರು ನೋಡಾಕ ಬಸ್ನಾಗ ಹೋಗೋರು ನಾವ ಇರಬೇಕು" ಅಂದ ಗೆಳೆಯ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನನಗಾಗಿ ಕಾಯುತ್ತಿದ್ದ. ಚೀಲದಲ್ಲಿ ಹೈಡ್ರೋಮೀಟರು, ಮಲ್ಟಿಮೀಟರು, ಎರಡು ಸ್ಪ್ಯಾನರು, ಒಂದು ಕ್ಯಾನ್ ಬ್ಯಾಟರಿ ನೀರು, ಎಲ್ಲದರ ಮೇಲೆ ಮಂಡಕ್ಕಿ ಪೊಟ್ಟಣ. ಊರಿನಲ್ಲಿ ಅವನದು ಬ್ಯಾಟರಿ ಅಂಗಡಿ. ಅವನಪ್ಪ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಹಿಡಿದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಯಾವುದೇ ಯಂತ್ರವನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡುವ ಚಾಳಿ ಆ ಮನೆಯವರಿಗೆ ಉಳಿದಿದೆ.

ನಾವು ಹೊರಟಿದ್ದು ತೆಲಿಗಿಗೆ. ಹರಿಹರದಿಂದ ಹರಪನಹಳ್ಳಿಗೆ ಹೋಗುವಾಗ ನಡುವೆ ಸಿಗುವ ಹೋಬಳಿ ಊರು. ಹರಿಹರ–ಕೊಟ್ಟೂರು ಹಳಿಯ ಮೇಲೆ ಅದಕ್ಕೊಂದು ಸ್ಟೇಷನ್ನೂ ಇದೆ. ಆದರೆ ನಮಗೆ ಬೇಕಾದ ಹೊತ್ತಿಗೆ ರೈಲಿಲ್ಲ, ಹಾಗಾಗಿ ಬಸ್ಸು. ಅಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಕೊಟ್ಟಿಗೆಯಲ್ಲಿ ಒಂದು ರೇವಾ ನಿಂತಿದೆ, ಕೊಡುವವರಿದ್ದಾರೆ ಎಂದು ಸುದ್ದಿ ಬಂದಿತ್ತು.

ರೇವಾ ಎಂದರೆ ಈಗಿನ ಹುಡುಗರಿಗೆ ತಿಳಿಯಲಿಕ್ಕಿಲ್ಲ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗೆ ಬಂದ ಕರೆಂಟಿನ ಕಾರು ಅದು. ಮೈನಿ ಮನೆತನದ ಚೇತನ್ ಮೈನಿ ಅದರ ಹಿಂದಿದ್ದವರು. ಉದ್ದ ಎರಡೂವರೆ ಮೀಟರಿಗೆ ತುಸು ಹೆಚ್ಚು, ಲೆಕ್ಕಕ್ಕೆ 2,638 ಮಿಲಿಮೀಟರು. ನಮ್ಮ ಹಳೆಯ ಮಾರುತಿ 800 ಇದರ ಮುಂದೆ ಲಾರಿ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಎನ್ನುವುದು ಕಂಪನಿಯ ಲೆಕ್ಕ. ಆ ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳು ಅಂಗನವಾಡಿ ದಾಟಿರಬಾರದು. ಹಾಗಾಗಿ ಅದನ್ನು ಎರಡು ಸೀಟಿನ ಕಾರು ಅಂತಲೇ ನಾನು ಎಣಿಸುವುದು. ವಿಚಿತ್ರ ಕಾರುಗಳು ಬೆಂಗಳೂರಿಗೆ ಹೊಸವೇನಲ್ಲ. ಎಪ್ಪತ್ತರ ದಶಕದಲ್ಲಿ ಮೂರು ಗಾಲಿಯ 'ಬಾದಲ್' ಅಲ್ಲೇ ಹುಟ್ಟಿ ಅಲ್ಲೇ ಮರೆಯಾಯಿತು. ರೇವಾ ಮಾತ್ರ ಸಮುದ್ರ ದಾಟಿತು. 2004ರಿಂದ 'ಜಿ-ವಿಝ್' ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಓಡಿತು. ಪೇಟೆಯೊಳಗೆ ಕಾರು ತರುವವರಿಗೆ ಅಲ್ಲಿ 2003ರಿಂದ ದಿನದ ಸುಂಕವಿತ್ತು, ಕರೆಂಟಿನ ಗಾಡಿಗೆ ಮಾಫಿ. ಅದಕ್ಕೇ ಜನ ಕೊಂಡರು. 2007ರಲ್ಲಿ ಟಾಪ್ ಗಿಯರ್ ಪತ್ರಿಕೆಯವರು ಅದನ್ನು ಡಿಕ್ಕಿ ಹೊಡೆಸಿ ನೋಡಿ ಹೌಹಾರಿದ್ದೂ ಉಂಟು. ಯುರೋಪಿನ ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, 'ಕ್ವಾಡ್ರಿಸೈಕಲ್' ಎಂಬ ನಾಲ್ಕು ಗಾಲಿಯ ಗಾಡಿಯ ಜಾತಿ. ಹೆದ್ದಾರಿಯಲ್ಲಿ ಓಡಿಸಲು ಯಾರಾದರೂ ಇದನ್ನು ಕೊಳ್ಳುತ್ತೇನೆಂದರೆ ಬೇಡಪ್ಪಾ ಎಂದು ಕೈಮುಗಿಯುತ್ತೇನೆ.

ನನಗೆ ಬೇಕಾಗಿದ್ದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ದಿನಕ್ಕೆ ಹನ್ನೆರಡು ಕಿಲೋಮೀಟರು.

ಬಸ್ಸು ಅಮರಾವತಿ ದಾಟಿತು. ಭದ್ರಾ ನಾಲೆಯ ಕೊನೆಕೊನೆಯ ಗದ್ದೆಗಳು ಮುಗಿದು ಮಳೆ ನಂಬಿದ ನೆಲ ಶುರುವಾದದ್ದು ಕಿಟಕಿಯಿಂದಲೇ ತಿಳಿಯುತ್ತಿತ್ತು. ಹಸಿರು ಹಿಂದಾಗಿ ಎರಡೂ ಕಡೆ ಒಣಗಿ ನಿಂತ ಮೆಕ್ಕೆಜೋಳದ ದಂಟು. ಕಟಾವಿನ ಕಾಲ. ಟಾರು ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲು ಜೋಡಿಸಿ, ಅಜ್ಜಿಯರು ಕೊಡೆ ಹಿಡಿದು ಕಾವಲು ಕೂತಿದ್ದರು. ಡ್ರೈವರು ಪ್ರತಿ ರಾಶಿಗೂ ಬ್ರೇಕು ಹಾಕಿ, ಎದುರಿನವನಿಗೆ ದಾರಿ ಬಿಟ್ಟು, ಗೊಣಗಿಕೊಂಡು ಮುಂದೆ ಹೋಗುತ್ತಿದ್ದ. ಕಂಡಕ್ಟರಿಗೆ ಗೊಣಗಾಟವಿಲ್ಲ, ಅವನದೂ ನಾಲ್ಕೆಕರೆ ಜೋಳವಂತೆ.

ತೆಲಿಗಿಯಲ್ಲಿ ಇಳಿದು ಮೇಷ್ಟ್ರ ಮನೆ ಕೇಳಿದರೆ ಚಹಾದಂಗಡಿಯ ಹುಡುಗ, "ಪ್ಲಾಸ್ಟಿಕ್ ಕಾರಿನ ಮನೀನ?" ಎಂದು ತಾನೇ ಎದ್ದು ಬಂದ.

ಮೇಷ್ಟ್ರು ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ, ಬರ್ರಿ. ಮೊದ್ಲ ಚಾ ಆಗ್ಲಿ. ಕಾರೇನು ಓಡಿಹೋಗಂಗಿಲ್ಲ, ಅದ ಅದರ ತೊಂದ್ರಿ" ಎಂದು ತಾವೇ ನಕ್ಕರು. ಕಾರು ಮಗನದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ 2007ರಲ್ಲಿ ಕೊಂಡದ್ದು. ಆಮೇಲೆ ದೊಡ್ಡ ಕಾರು ಬಂತು, ಇದು ನಿಲ್ಲಲು ಜಾಗವಿಲ್ಲದಾಯಿತು. ಮೆಕ್ಕೆಜೋಳ ಇಳಿಸಿ ಖಾಲಿ ವಾಪಸಾಗುತ್ತಿದ್ದ ಊರಿನ ಲಾರಿಯಲ್ಲಿ ಇದನ್ನೇರಿಸಿ ಅಪ್ಪನಿಗೆ ಕಳಿಸಿದ. ಮೇಷ್ಟ್ರು ಎರಡು ಸಲ ಬ್ಯಾಟರಿ ಬದಲಿಸಿ ವರ್ಷಗಟ್ಟಲೆ ಓಡಿಸಿದ್ದಾರೆ. ಹರಪನಹಳ್ಳಿಗೆ ಹೋಗಿ ಬಂದರೂ ಚಾರ್ಜು ಉಳಿಯುತ್ತಿತ್ತಂತೆ. ದಾವಣಗೆರೆಗೆ ಹೋದರೆ ಮಾತ್ರ ಬೀಗರ ಮನೆಯಲ್ಲಿ ಪ್ಲಗ್ಗು ಹಾಕಲೇಬೇಕು. ಎರಡೂವರೆ ತಾಸು ಹಾಕಿದರೆ ನೂರಕ್ಕೆ ಎಂಬತ್ತು ತುಂಬುತ್ತದೆ. ಆದರೆ ಅದಕ್ಕೆ 15 ಆಂಪಿನ ಸಾಕೆಟ್ಟು ಬೇಕು, ಬೀಗರ ಪಡಸಾಲೆಯಲ್ಲಿ ಇದ್ದದ್ದು 5 ಆಂಪಿನದು.

"ಮೊದಲ್ನೇ ಸಲ ಫ್ಯೂಜ್ ಹಾರಿ ಇಡೀ ಮನಿ ಕತ್ಲಾತು. ಎರಡ್ನೇ ಸಲ ಹೋಗೋದ್ರಾಗ ಬೀಗರು ಪಾಪ, ಬಾಗಲ ಮುಂದ ದಪ್ಪ ವೈರೆಳೆದು ನನಗಂತನ ಒಂದು ಸಾಕೆಟ್ ಹಾಕ್ಸಿದ್ರು. ಕಾರಿಗೆ ಊಟ ಆಗೋ ಮಟ ನನಗೂ ಊಟ, ಮ್ಯಾಲೊಂದು ನಿದ್ದಿ."

ಕೊಟ್ಟಿಗೆಯ ಅರ್ಧದಲ್ಲಿ ಎಮ್ಮೆ, ಇನ್ನರ್ಧದಲ್ಲಿ ಕಾರು. ಮೂಲ ಬಣ್ಣ ಕೆಂಪಿರಬೇಕು, ಬಿಸಿಲಿಗೆ ಹಳೆಯ ಪ್ಲಾಸ್ಟಿಕ್ ಬಿಂದಿಗೆಯ ಹಾಗೆ ಬಿಳಚಿಕೊಂಡಿತ್ತು. ಗೆಳೆಯ ಬಾಗಿಲಿಗೆ ಗೆಣ್ಣು ತಟ್ಟಿದ. ಟೊಳ್ಳು ಸದ್ದು. ಮೈಯೆಲ್ಲ ಎಬಿಎಸ್ ಪ್ಲಾಸ್ಟಿಕ್. ಇದು ತುಕ್ಕು ಹಿಡಿಯುವುದಿಲ್ಲ, ಎಮ್ಮೆ ಒರಗಿದರೂ ನೆಗ್ಗುವುದಿಲ್ಲ. ಹಾಗಾಗಿ ಹಳೆಯ ರೇವಾ ನೋಡುವವರು ಮೈ ನೋಡಿ ಮರುಳಾಗಬಾರದು. ಒಳಗೆ ಕಬ್ಬಿಣದ ಕೊಳವೆಗಳ ಚೌಕಟ್ಟಿದೆ, ಕಾರಿನ ಆಯುಸ್ಸು ಅದರಲ್ಲಿ. ಗೆಳೆಯ ನೆಲಕ್ಕೆ ಗೋಣಿಚೀಲ ಹಾಸಿ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಚುಚ್ಚತೊಡಗಿದ. ಬ್ಯಾಟರಿಯ ಆಸಿಡ್ ಸೋರಿದ್ದರೆ ಮೊದಲು ತಿನ್ನುವುದು ಬ್ಯಾಟರಿ ಕೂರುವ ತಟ್ಟೆಯನ್ನು. "ಒಂದು ಮೂಲೀಗೆ ಹಕ್ಕಳಿ ಎದ್ದೈತಿ. ತೂತು ಬಿದ್ದಿಲ್ಲ. ವೆಲ್ಡಿಂಗಿಗೆ ಸಾವಿರ ಬರಕೋ" ಎಂದು ಕೆಳಗಿನಿಂದಲೇ ಕೂಗಿದ. ನಾನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಬಾನೆಟ್ ಎತ್ತಿದಾಗ ಸುತ್ತ ಸೇರಿದ್ದ ಹುಡುಗರಲ್ಲಿ ಒಬ್ಬ, "ಎಂಜಿನ್ನ ಇಲ್ಲಲ್ಲೋ!" ಎಂದ. ಮೋಟಾರಿರುವುದು ಹಿಂದಿನ ಗಾಲಿಗಳ ಹತ್ತಿರ. ಗೇರಿಲ್ಲ, ಕ್ಲಚ್ಚಿಲ್ಲ. ಮುಂದೆ ಹೋಗಲು, ಹಿಂದೆ ಬರಲು ಒಂದು ತಿರುಪು.

ಹಿಂದಿನ ಸೀಟು ನೋಡೋಣವೆಂದು ತಲೆ ಒಳಗೆ ಹಾಕಿದೆ. ಕೊರ್ರ್ ಎಂದು ದನಿ ಬಂತು. ಹುಲ್ಲು ಹಾಸಿದ ಸೀಟಿನ ಮೇಲೆ ಮೈಯುಬ್ಬಿಸಿ ಒಂದು ನಾಟಿಕೋಳಿ ಕೂತಿತ್ತು.

"ಅದನ್ನ ಮುಟ್ಟಬ್ಯಾಡ್ರಿ ತಮ್ಮಾ" ಎಂದರು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಮನೆಯವರು. "ಕಾವಿಗೆ ಕುಂತೈತಿ. ಒಂಬತ್ತು ದಿನ ಆತು. ಹನ್ನೊಂದು ತತ್ತಿ ಅದಾವ."

ಮುಂದಿನ ಸೀಟುಗಳನ್ನು ಮಾತ್ರ ಬಿಚ್ಚಿದೆವು, ಬ್ಯಾಟರಿ ಇರುವುದು ಅವುಗಳ ಕೆಳಗೇ. ಆರು ವೋಲ್ಟಿನ ಎಂಟು, ಸರಪಣಿಯಾಗಿ ಸೇರಿ 48 ವೋಲ್ಟು. ಕಾರಿನ ಒಟ್ಟು ತೂಕ 665 ಕಿಲೋ, ಅದರಲ್ಲಿ ಇನ್ನೂರೈವತ್ತರ ಮೇಲೆ ಬ್ಯಾಟರಿಯದೇ. ಮೀಟರಿಟ್ಟು ನೋಡಿದರೆ ಎಂಟೂ ಸೇರಿ ಒಂಬತ್ತು ವೋಲ್ಟು. ಮುಚ್ಚಳ ತೆಗೆದರೆ ನೀರು ಆರಿ ಪ್ಲೇಟುಗಳ ಮೇಲೆ ಸುಣ್ಣದಂಥ ಬಿಳಿ. ಗೆಳೆಯ ಹೈಡ್ರೋಮೀಟರನ್ನು ಚೀಲದಿಂದ ತೆಗೆಯಲೂ ಇಲ್ಲ. "ಸಲ್ಫೇಟ್ ಹಿಡದೈತಿ. ಇವು ಗುಜರಿಗೆ. ಹೊಸಾವು ಒಂದಕ್ಕ ಹದಿನೈದು ಸಾವಿರ ಹಿಡಿ. ಎಂಟಕ್ಕ ಎಷ್ಟಾತು?" ಒಂದು ಲಕ್ಷದ ಇಪ್ಪತ್ತು ಸಾವಿರ. ಟಿಕೆಟ್ಟಿನಲ್ಲಿ ಜಾಗ ಸಾಲದೆ ಅಂಗೈಗೆ ಬರೆದೆ. ಲಿಥಿಯಂ ಹಾಕಿದರೆ ತೂಕ ಮೂರನೇ ಒಂದಕ್ಕೆ ಇಳಿಯುತ್ತದೆ, ಆದರೆ ಹಳೆಯ ಚಾರ್ಜರು ಅದಕ್ಕೆ ಹೊಂದುವುದಿಲ್ಲ, ಅದನ್ನೂ ಬದಲಿಸಬೇಕು. ಹಳೆಯ ಕರೆಂಟಿನ ಕಾರಿಗೆ ಬೆಲೆ ಕಟ್ಟುವುದೆಂದರೆ ಇಷ್ಟೇ: ಬ್ಯಾಟರಿ ಸತ್ತಿದೆ ಎಂದುಕೊಂಡೇ ಹೋಗಬೇಕು, ಉಳಿದದ್ದರಲ್ಲಿ ಜೀವವಿದೆಯೇ ಎಂದು ನೋಡಬೇಕು.

ಜೀವ ನೋಡುವುದು ಹೇಗೆ? ಗೆಳೆಯ ಮೇಷ್ಟ್ರನ್ನು ಕೇಳಿದ: "ಊರಾಗ ಟ್ರ್ಯಾಕ್ಟರ್ ಎಷ್ಟದಾವ್ರಿ?"

ಅರ್ಧ ತಾಸಿನಲ್ಲಿ ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿ ಬಂದವು. ಎರಡು ಟ್ರ್ಯಾಕ್ಟರಿನವು, ಒಂದು ಕಿರಾಣಿ ಅಂಗಡಿಯ ಇನ್ವರ್ಟರಿನದು, ಒಂದು ಮೇಷ್ಟ್ರ ಮನೆಯದೇ. ನಾಲ್ಕು ಹನ್ನೆರಡಲೆ ನಲವತ್ತೆಂಟು. ಮೇಷ್ಟ್ರು ಮಗ್ಗಿ ಹೇಳಿಸುವ ದನಿಯಲ್ಲೇ ಅದನ್ನು ಹುಡುಗರಿಗೆ ಕೇಳಿದರು. ನಾಲ್ಕನ್ನೂ ಸೀಟಿನ ಜಾಗದಲ್ಲಿಟ್ಟು, ಹಳೆಯ ಕೇಬಲ್ಲಿನಿಂದಲೇ ಜೋಡಿಸಿ, ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಕಂಬಳಿ ಹಾಕಿ ನಾನು ಕೂತೆ. ಕೋಳಿಯನ್ನು ಇಳಿಸಿ ಎಂದರೆ ಅಮ್ಮನವರು ಒಪ್ಪಲಿಲ್ಲ. "ಎಬ್ಬಿಸಿದ್ರ ಮತ್ತ ಕುಂದ್ರಂಗಿಲ್ಲ" ಎಂದರು. ಗೆಳೆಯ ಪಕ್ಕದಲ್ಲಿ ಮುದುಡಿಕೊಂಡ. ಕೀಲಿ ತಿರುಗಿಸಿದೆ. ಕೆಂಪು ದೀಪವೊಂದು ಉರಿಯಿತು, ಆಮೇಲೆ ಆರಲೇ ಇಲ್ಲ. ಹಿಡಿದುಕೊಂಡಿದ್ದ ಹ್ಯಾಂಡ್ ಬ್ರೇಕನ್ನು ಹುಡುಗರು ತಳ್ಳಿ ತಳ್ಳಿ ಬಿಡಿಸಿದರು. ಕಾಲು ಒತ್ತಿದೆ. ಹಿಂದಿನಿಂದ ಹೊಲಿಗೆ ಯಂತ್ರದಂಥ ಸಣ್ಣ ಗುಂಯ್ ಎದ್ದು, ಕಾರು ಕೊಟ್ಟಿಗೆಯಿಂದ ಹೊರಗೆ ಬಂತು.

ಅಂಗಳದಲ್ಲೇ ಒಂದು ಸುತ್ತು ತಿರುಗಿಸಿದೆ. ಹಿಂದಕ್ಕೆ ತೆಗೆಯದೆ, ತುಳಸಿಕಟ್ಟೆಗೆ ತಾಗದೆ, ಒಂದೇ ಏಟಿಗೆ ತಿರುಗಿತು. ಓಣಿ ದಾಟಿ ರಸ್ತೆಗೆ ಬಂದರೆ ಅಲ್ಲಿ ಮೆಕ್ಕೆಜೋಳದ ರಾಶಿ. ಎದುರಿಗೆ ಟ್ರ್ಯಾಕ್ಟರು ಟ್ರೇಲರಿನೊಂದಿಗೆ ನಿಂತಿತ್ತು. ರಾಶಿಗೂ ಟ್ರೇಲರಿಗೂ ನಡುವೆ ಬೈಕು ನುಸುಳುವಷ್ಟು, ಬೈಕಿನ ಎರಡೂ ಕಡೆ ಹಾಲಿನ ಕ್ಯಾನಿದ್ದರೆ ಬೇಕಾಗುವಷ್ಟು ಜಾಗ. ಕಾರಿನ ಅಗಲ 1,324 ಮಿಲಿಮೀಟರು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ಕಾವಲಿಗೆ ಕೂತಿದ್ದ ಅಜ್ಜಿ ಕೊಡೆ ಮಡಚಿ, ಆ ಕೊಡೆಯಿಂದಲೇ ಜಾಗ ಅಳೆದು, "ಬಾ, ಬಾ" ಎಂದಳು. ಹೋದೆ. ಒಂದು ಕಾಳೂ ಗಾಲಿಗೆ ಸಿಗಲಿಲ್ಲ. ಲಂಡನ್ನಿನವರು ಸುಂಕ ಉಳಿಸಲು ಕೊಂಡ ಕಾರಿನ ಅಳತೆ ಸುಗ್ಗಿಯ ತೆಲಿಗಿಗೆ ಹೇಳಿ ಮಾಡಿಸಿದಂತಿತ್ತು.

ಇನ್ನೂರು ಮೀಟರು ಹೋಗಿ ತಿರುಗಿಸಿದೆವು. ವಾಪಸ್ಸಿನ ಸಣ್ಣ ಏರಿನಲ್ಲಿ ಇನ್ವರ್ಟರಿನ ಬ್ಯಾಟರಿ ಸೋತಿತು, ಕಾರು ನಿಂತಿತು. ಹುಡುಗರಿಗೆ ಅದೇ ಹಬ್ಬ. ನಾಲ್ಕು ಮಂದಿ ಸಾಕಾಗಿತ್ತು, ಹನ್ನೆರಡು ಮಂದಿ ತಳ್ಳಿದರು. ಕೊಟ್ಟಿಗೆ ಮುಟ್ಟಿ ಹಿಂತಿರುಗಿ ನೋಡಿದರೆ ಕೋಳಿ ಕೂತಲ್ಲೇ ಕೂತಿತ್ತು. ಡೀಸೆಲ್ ಗಾಡಿಯಾಗಿದ್ದರೆ ಕೀಲಿ ತಿರುಗಿಸುವಾಗಲೇ ಹಾರಿಹೋಗುತ್ತಿತ್ತು. ಮೋಟಾರಿನ ಬಗ್ಗೆ ಇದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ಕಾಗದಪತ್ರಕ್ಕೆ ಕೂತೆವು. ಆರ್‌ಸಿ ಮಗನ ಹೆಸರಿನಲ್ಲಿ, ಕೆಎ 05. ಹದಿನೈದು ವರ್ಷದ ಅವಧಿ ಮುಗಿದಿದೆ, ಮೇಷ್ಟ್ರು ಹೊಸದು ಮಾಡಿಸಿಲ್ಲ. "ಯಾವ ಆಫೀಸಿಗೆ ಹೋಗ್ಲಿ ಹೇಳ್ರಿ? ನಾನು ಹುಟ್ಟಿದಾಗ ನಮ್ದು ಬಳ್ಳಾರಿ. 97ರಾಗ ದಾವಣಗೆರೆಗೆ ಹಾಕಿದ್ರು. ಮತ್ತ ಬಳ್ಳಾರಿಗೆ ತಂದ್ರು. 2021ಕ್ಕ ವಿಜಯನಗರ ಅಂದ್ರು. ನಾನು ಈ ಕಟ್ಟಿ ಬಿಟ್ಟು ಎದ್ದಿಲ್ಲ, ಮೂರು ಜಿಲ್ಲಾ ನೋಡೀನಿ." ಆರ್‌ಸಿ ನವೀಕರಿಸಲು ಕರೆಂಟಿನ ಗಾಡಿಗಳಿಗೆ 2021ರ ಆಗಸ್ಟಿನಿಂದ ಕೇಂದ್ರ ಸರ್ಕಾರ ಫೀಸು ಮಾಫಿ ಮಾಡಿದೆ. ಫೀಸೇನೋ ಇಲ್ಲ, ಆದರೆ ಇನ್‌ಸ್ಪೆಕ್ಟರ ಮುಂದೆ ಕಾರು ಓಡಿ ತೋರಿಸಬೇಕಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ಹೋಗಲಾಗುವುದಿಲ್ಲ.

ಅಂಗೈ ಲೆಕ್ಕ ಕೂಡಿಸಿದೆ. ಬ್ಯಾಟರಿ, ವೆಲ್ಡಿಂಗು, ಇಲಿ ಕಡಿದ ಎರಡು ವೈರು, ನಾಲ್ಕು ಟೈರು, ವಿಮೆ, ಸಾಗಿಸುವ ಬಾಡಿಗೆ. ಒಂದೂಮುಕ್ಕಾಲು ಲಕ್ಷದ ಹತ್ತಿರ ಹೋಯಿತು, ಅದೂ ಕಾರಿನ ಬೆಲೆ ಬಿಟ್ಟು. ಆ ದುಡ್ಡಿಗೆ ಐದು ಮಂದಿ ಕೂರುವ, ಮಳೆಯಲ್ಲಿ ನಂಬಬಹುದಾದ ಹಳೆಯ ಪೆಟ್ರೋಲ್ ಕಾರು ಬರುತ್ತದೆ. ಗೆಳೆಯನೂ ಅದನ್ನೇ ಕಣ್ಣಿನಲ್ಲಿ ಹೇಳಿದ. ಮೇಷ್ಟ್ರು ಕೇಳಿದ್ದು ನಲವತ್ತು ಸಾವಿರ. ಗುಜರಿಯವನು ಹದಿನೆಂಟಕ್ಕೆ ಕೇಳಿ ಹೋಗಿದ್ದನಂತೆ. "ಸುತ್ತಿಗಿ ತಗೊಂಡು ಬಂದಿದ್ದ ಭಾಡ್ಯಾ" ಎಂದರು.

ಇಪ್ಪತ್ತೈದು ಎಂದೆ. ಮೇಷ್ಟ್ರು ಮನೆಯವರ ಮುಖ ನೋಡಿದರು. ಅಮ್ಮನವರು ಕೊಟ್ಟಿಗೆಯ ಕಡೆ ನೋಡಿದರು.

"ಇಪ್ಪತ್ತೆಂಟು ಮಾಡ್ರಿ, ಮಾತು ಮುಗೀಲಿ" ಎಂದರು ಮೇಷ್ಟ್ರು. ಐನೂರಾ ಒಂದು ರೂಪಾಯಿ ಮುಂಗಡ ಕೈಗಿಟ್ಟೆ. ಗೆಳೆಯ ನಾಳೆಯೇ ಟೆಂಪೋ ಮಾತಾಡುತ್ತೇನೆಂದು ಫೋನು ತೆಗೆದ.

"ನಾಳಿ ಹೆಂಗಾಕ್ಕೈತಿ?" ಅಮ್ಮನವರ ದನಿ ಏರಿತು. "ಒಂಬತ್ತು ದಿನ ಆಗೈತಿ ಅಂದ್ನೆಲ್ಲ. ಇಪ್ಪತ್ತೊಂದು ಆಗ್ಲಿ. ಮರಿ ಕೆಳಗಿಳದ ಮ್ಯಾಲ ಬರ್ರಿ."

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಹನ್ನೆರಡು ದಿನ ಎಣಿಸಿ, ಆ ಚೌಕದೊಳಗೆ ನನ್ನ ಫೋನ್ ನಂಬರು ಬರೆದುಕೊಂಡರು.