ಮೊದಲು ಪ್ಲಗ್, ಆಮೇಲೆ ಕೈ

ಗಂಟೆ ಹತ್ತಾಗುತ್ತಾ ಬಂದಿದೆ. ರಾತ್ರಿ ಸುರಿದ ಮಳೆಯ ತೇವ ಡುರಾಂಟ ಬೇಲಿಯ ಎಲೆಗಳಿಂದ ಈಗ ಆರಿದೆ. ಇಷ್ಟು ಹೊತ್ತು ಕಾದದ್ದು ಅದಕ್ಕೇ. ಮೈಸೂರಿನ ಈ ಬೀದಿಯಲ್ಲಿ ದಸರಾ ಕಳೆಯುವ ಹೊತ್ತಿಗೆ ಬೇಲಿಗಳೆಲ್ಲ ತಲೆ ಕೆದರಿಕೊಂಡು ನಿಲ್ಲುತ್ತವೆ. ನಿಮ್ಮ ಮನೆಯದಂತೂ ಗೇಟಿನ ಚಿಲಕವನ್ನೇ ಮುಚ್ಚಿದೆ.

ಟ್ರಿಮ್ಮರ್ ಜಗಲಿಯ ಮೇಲೆ ಕವಚದೊಳಗೇ ಇರಲಿ. ಮೊದಲು ಒಂದು ಕೋಲು ಹಿಡಿದು ಬೇಲಿಯುದ್ದಕ್ಕೂ ಎಲೆ ಸರಿಸುತ್ತಾ ಬರುತ್ತೀರಿ. ಬುಡದಲ್ಲಿ ಯಾರೋ ಎಂದೋ ಸುತ್ತಿದ ಕಟ್ಟುತಂತಿ ತುಕ್ಕು ಹಿಡಿದು ಕೂತಿದೆ, ಬಿಡಿಸಿ ತೆಗೆಯುತ್ತೀರಿ. ಮೂಲೆಯ ಕೊಂಬೆಯ ಕೆಳಗೆ ಕಣಜದ ಹುಳುಗಳು ಗೂಡು ಕಟ್ಟಿವೆ. ಸದ್ದಿಲ್ಲದೆ ಹಿಂದೆ ಸರಿಯುತ್ತೀರಿ. ಆ ಮೂಲೆ ಇವತ್ತು ಹಾಗೇ ಇರಲಿ.

ಪಂಚೆ, ಹವಾಯಿ ಚಪ್ಪಲಿ, ಹೆಗಲ ಮೇಲಿನ ಟವೆಲು ಮನೆಯೊಳಗೆ ಹೋದವು. ಪ್ಯಾಂಟು, ರಬ್ಬರ್ ತಳದ ಶೂ, ಕೈಗವಸು, ಕಣ್ಣಿಗೆ ಕನ್ನಡಕ. ಅಪ್ಪ ಆಗಲೇ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿದ್ದಾರೆ. ಟಕ್ಕೆಂದು ಬಿತ್ತು, ಅಡುಗೆಮನೆಯಲ್ಲಿ ಮಿಕ್ಸಿ ನಿಂತು ಅಮ್ಮ ಕೂಗಿದರು. ಬರೀ 30 ಮಿಲಿಆಂಪಿಯರ್ ಸೋರಿದರೂ 230 ವೋಲ್ಟಿನ ಸರಬರಾಜನ್ನು ಕಡಿದುಹಾಕುವ ಪೆಟ್ಟಿಗೆ ಅದು. ಹೊರಗೆ ವೈರು ಎಳೆದು ಕೆಲಸ ಮಾಡುವ ಮನೆಯಲ್ಲಿ ಅದಿಲ್ಲದಿದ್ದರೆ ಟ್ರಿಮ್ಮರ್ ಕೊಳ್ಳುವ ಮುಂಚೆ ಅದನ್ನೇ ಹಾಕಿಸಬೇಕು.

"ವೈರು ಹೆಗಲ ಮೇಲೆ ಹಾಕ್ಕೋ ಪುಟ್ಟಾ, ಬೆನ್ನ ಹಿಂದೆ ಇಳೀಲಿ," ಅಂತಾರೆ ಅಪ್ಪ. ಪ್ಲಗ್ಗಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಎರಡು ಹಿಡಿ, ಎರಡು ಸ್ವಿಚ್ಚು. ಎರಡನ್ನೂ ಒಟ್ಟಿಗೆ ಒತ್ತಿದರೇನೇ ಯಂತ್ರ ಓಡುವುದು. ಹಲ್ಲುಹಲ್ಲಿನ ಅಲಗುಗಳು ಒಂದರ ಮೇಲೊಂದು ಜಾರತೊಡಗಿ, ಕೈಯಿಂದ ಮೊಣಕೈವರೆಗೆ ಅದುರು ಏರುತ್ತದೆ. ಪ್ಲಗ್ಗಿಗೆ ಹತ್ತಿರದ ತುದಿಯಿಂದ ಶುರುಮಾಡಿ ದೂರ ಸರಿಯುತ್ತೀರಿ. ಹಾಗಾದರೆ ವೈರು ಯಾವಾಗಲೂ ಕತ್ತರಿಸಿ ಮುಗಿದ ಕಡೆಗೇ ಉಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಬೀಸು. ಚೂರುಗಳು ಶೂ ಮೇಲೆ ಉದುರುತ್ತವೆ, ಹಸಿ ಎಲೆಯ ಘಾಟು ಮೂಗಿಗೇರುತ್ತದೆ. ಬುಡಕ್ಕಿಂತ ತಲೆ ಸ್ವಲ್ಪ ಕಿರಿದಾಗಿರಲಿ, ಕೆಳಗಿನ ಎಲೆಗೂ ಬಿಸಿಲು ಬೇಕು.

ಇದ್ದಕ್ಕಿದ್ದಂತೆ ಸದ್ದು ನಿಂತಿತು. ಅಲಗಿನ ನಡುವೆ ಹೆಬ್ಬೆರಳು ಗಾತ್ರದ ಕೊಂಬೆ ಸಿಕ್ಕಿದೆ. ಸ್ವಿಚ್ಚಿನಿಂದ ಬೆರಳು ತೆಗೆದಿದ್ದೀರಿ. ಎದುರುಮನೆಯ ಪಂಪೂ ನಿಂತಿದೆ. ಕರೆಂಟೂ ಹೋಯಿತೆ?

ನನಗೆ ಭಯ ಹುಟ್ಟಿಸುವುದು ಈ ಗಳಿಗೆ. ಓಡುವ ಅಲಗಿನ ಹತ್ತಿರ ಯಾರೂ ಕೈ ಒಯ್ಯುವುದಿಲ್ಲ. ನಿಂತದ್ದನ್ನು ಕಂಡಾಗ ಕೈ ತಾನಾಗಿ ಹೋಗುತ್ತದೆ. ನಮ್ಮ ಊರುಗಳಲ್ಲಿ ಹೋದ ಕರೆಂಟು ಹೇಳದೆ ಕೇಳದೆ ಬರುತ್ತದೆ. ಒಂದೇ ಕೈಯಲ್ಲಿ ಓಡಿಸುವ ಆಸೆಗೆ ಸ್ವಿಚ್ಚಿಗೆ ಟೇಪು ಸುತ್ತುವವರಿದ್ದಾರೆ. ಹಾಗೆ ಸುತ್ತಿದ ಯಂತ್ರಕ್ಕೆ ಆ ಕ್ಷಣ ಕರೆಂಟು ಬಂದರೆ, ಅಲಗಿನಲ್ಲಿರುವ ಬೆರಳು ಅದಕ್ಕೆ ಇನ್ನೊಂದು ಕೊಂಬೆ. ದಯವಿಟ್ಟು ಟೇಪು ಸುತ್ತಬೇಡಿ. ಎರಡೂ ಕೈ ಹಿಡಿಯ ಮೇಲಿದ್ದರೆ ಅಲಗಿನ ಬಳಿ ಹೋಗಲು ಇನ್ನೊಂದು ಕೈ ಉಳಿಯುವುದಿಲ್ಲ. ಎರಡು ಸ್ವಿಚ್ಚು ಇಟ್ಟದ್ದು ಅದಕ್ಕಾಗಿ.

"ಅಪ್ಪಾ, ಪ್ಲಗ್ ತೆಗೀರಿ."

"ತೆಗ್ದೆ, ನೋಡು." ಮೂರು ಪಿನ್ನೂ ಕಾಣುವಂತೆ ಎತ್ತಿ ಹಿಡಿದಿದ್ದಾರೆ.

ಯಂತ್ರವನ್ನು ನೆಲಕ್ಕಿಟ್ಟು, ಇಕ್ಕಳದಿಂದ ಕೊಂಬೆಯ ಚೂರು ಎಳೆಯುತ್ತೀರಿ. ಬೇಲಿಯಲ್ಲಿ ಉಳಿದ ಮೋಟಿಗೆ ಕೈಗರಗಸ. ವೈರಿಗೇ ಅಲಗು ತಾಗಿದ್ದರೂ ಇದೇ ಕ್ರಮ: ಪ್ಲಗ್ ಹೊರಬರುವ ತನಕ ತುಂಡಾದ ವೈರನ್ನು ಮುಟ್ಟಬಾರದು.

ಕರೆಂಟು ಬಂತು. ಎದುರುಮನೆಯ ಪಂಪು ಮತ್ತೆ ಗುಂಯ್‌ಗುಡುತ್ತಿದೆ. ಅಪ್ಪ ಪ್ಲಗ್ ಹಾಕಲಿಲ್ಲ. ನೀವು ಎದ್ದು, ಎರಡೂ ಹಿಡಿ ಹಿಡಿದು, "ಹಾಕಿ" ಅನ್ನುವವರೆಗೆ ಕಾದರು.

ಗೇಟಿನ ಮೇಲಿನ ಕಮಾನು ಮಾತ್ರ ಕೈಗೆ ಎಟುಕುವುದಿಲ್ಲ. ಏಣಿ ತರಲು ನೀವು ತಿರುಗಿದಾಗ ಅಪ್ಪ ತಲೆಯಾಡಿಸಿ ಬೇಡವೆಂದರು. ಹೆಗಲಿಗಿಂತ ಮೇಲೆ ಎತ್ತಿದ ಅಲಗು, ಅಲುಗಾಡುವ ಮೆಟ್ಟಿಲು, ಎರಡೂ ಒಟ್ಟಿಗೆ ಆಗದು. ಉದ್ದ ಹಿಡಿಯ ಕತ್ತರಿ ಇರುವ ಮಾಲಿಗೆ ಫೋನ್ ಮಾಡಿದರಾಯಿತು.