ಮಲ್ಲತ್ತಹಳ್ಳಿಯಿಂದ ದೊಡ್ಡ ಆಲದಮರಕ್ಕೆ

ಬೆಂಗಳೂರಿನ ಪಶ್ಚಿಮಕ್ಕೆ, ಹೊರವರ್ತುಲ ರಸ್ತೆಗೆ ಸಮೀಪವಾಗಿ, ಮಲ್ಲತ್ತಹಳ್ಳಿ ಎಂಬ ಊರುಂಟು. ಈಗ ಅದನ್ನು ಹಳ್ಳಿಯೆಂದು ಕರೆಯುವುದು ಹಳೆಯ ವಾಡಿಕೆಯ ಬಲದಿಂದಲೇ ಹೊರತು ಬೇರೆ ಕಾರಣದಿಂದಲ್ಲ. ನಗರವು ಎಂದೋ ಅದನ್ನು ತನ್ನ ಒಡಲೊಳಕ್ಕೆ ತೆಗೆದುಕೊಂಡಿದೆ. ಆದರೂ ಅಲ್ಲಿ ಒಂದು ವಿಸ್ತಾರವಾದ ಕೆರೆ ಉಳಿದಿದೆ. ಪಕ್ಕದಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಸಾವಿರ ಎಕರೆಗೆ ಕಡಮೆಯಿಲ್ಲದ ಆ ನೆಲದಲ್ಲಿ ಮರಗಳ ನೆರಳೂ ನವಿಲುಗಳ ಕೂಗೂ ಇನ್ನೂ ಬತ್ತಿಲ್ಲವಾದ ಕಾರಣ, ಬೆಳಗಿನ ಹೊತ್ತು ನಡೆಯುವವರೂ ಸೈಕಲ್ಲು ತುಳಿಯುವವರೂ ಅಲ್ಲಿ ಬಹಳ ಮಂದಿ ಸೇರುತ್ತಾರೆ.

ಕಳೆದ ಆಷಾಢದ ಒಂದು ಭಾನುವಾರ ನಾವು ಮೂವರು ಅಲ್ಲಿಂದ ರಾಮೋಹಳ್ಳಿಯ ದೊಡ್ಡ ಆಲದಮರದವರೆಗೆ ಸೈಕಲ್ಲಿನ ಮೇಲೆ ಹೋಗಿಬರುವುದೆಂದು ನಿಶ್ಚಯಿಸಿದೆವು. ನಾವು, ನಮ್ಮ ಮಿತ್ರರೊಬ್ಬರು, ನಮ್ಮ ಸೋದರಳಿಯ. ಮಿತ್ರರ ವಾಹನವು ಅವರ ತಂದೆಯವರ ಕಾಲದ ಕಪ್ಪು ಸೈಕಲ್ಲು, ನಮ್ಮದು ಸಾಧಾರಣವಾದದ್ದು, ಅಳಿಯನದು ಮಾತ್ರ ಹೊಸ ಕಾಲದ ಹಗುರವಾದ ಸೈಕಲ್ಲು, ಬೂಟು ಕಚ್ಚಿಕೊಳ್ಳುವ ಪೆಡಲುಗಳುಳ್ಳದ್ದು. ಆ ಸೈಕಲ್ಲಿನಿಂದ ತಿಂಗಳೊಪ್ಪತ್ತಿನಿಂದ ಒಂದು ಸದ್ದು ಹೊರಡುತ್ತಿದ್ದಿತು. ತುಳಿದಷ್ಟು ಬಾರಿಯೂ 'ಟಿಕ್' ಎಂದು ಒಂದು ಪೆಟ್ಟು, ಅದರ ಹಿಂದೆಯೇ 'ಕಿರ್' ಎಂದು ಒಂದು ನರಳು. ಒಂದು ಅಂಗಡಿಯವರು ಅದನ್ನು ನೋಡಿ, ಕೆಳಗಿನ ಅಚ್ಚಿನ ಬೇರಿಂಗನ್ನೇ ಪೂರ್ತಿ ಬದಲಿಸಬೇಕೆಂದು ಹೇಳಿ ಸಾವಿರಗಳ ಲೆಕ್ಕದಲ್ಲಿ ಖರ್ಚನ್ನು ತಿಳಿಸಿದ್ದರು. ಅಳಿಯನ ತಂದೆ, ಎಂದರೆ ನಮ್ಮ ಭಾವನವರು, ಮಾತು ಕಡಮೆಯ ಮನುಷ್ಯರು. "ಸದ್ದು ನಿಲ್ಲಬೇಕು, ಇಲ್ಲವೇ ಸೈಕಲ್ಲು ಮಾರಬೇಕು" ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಹುಡುಗನು ಮೂರು ವರ್ಷ ಕೂಡಿಟ್ಟ ಹಣದಿಂದ ಕೊಂಡ ಸೈಕಲ್ಲದು.

ಈ ಪೆಡಲಿನ ವಿಷಯವನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು ಹೇಳುವುದು ಆವಶ್ಯಕ. ಹಿಂದೆ ಪಂದ್ಯದ ಸವಾರರು ಪಾದವು ಜಾರದಂತೆ ಪೆಡಲಿಗೆ ಲೋಹದ ಕ್ಲಿಪ್ಪನ್ನೂ ಚರ್ಮದ ಪಟ್ಟಿಯನ್ನೂ ಕಟ್ಟಿಕೊಳ್ಳುತ್ತಿದ್ದರು. ಬಿದ್ದಾಗ ಪಟ್ಟಿಯನ್ನು ಬಿಚ್ಚಿಕೊಳ್ಳಲು ಕೈಗೆ ಬಿಡುವಿರುತ್ತಿರಲಿಲ್ಲ. ಹಿಮದ ಮೇಲೆ ಜಾರುವ ಹಲಗೆಗಳಿಗೆ ಬೂಟನ್ನು ಸಿಕ್ಕಿಸುವ ಸಾಧನಗಳನ್ನು ಮಾಡುತ್ತಿದ್ದ ಫ್ರಾನ್ಸಿನ ಲುಕ್ ಎಂಬ ಕಂಪೆನಿಯವರು ಅದೇ ಉಪಾಯವನ್ನು ಪೆಡಲಿಗೂ ತಂದರು. ಬರ್ನಾರ್ಡ್ ಇನೋ ಎಂಬ ಸವಾರನು ೧೯೮೫ರಲ್ಲಿ ಅಂಥ ಪೆಡಲುಗಳ ಮೇಲೆಯೇ ಫ್ರಾನ್ಸಿನ ಮಹಾಪಂದ್ಯವನ್ನು ಐದನೆಯ ಸಲ ಗೆದ್ದನು. ಹಳೆಯ ಕ್ಲಿಪ್ಪು ಇಲ್ಲವಾದ್ದರಿಂದ ಇದಕ್ಕೆ 'ಕ್ಲಿಪ್‌ಲೆಸ್' ಎಂದು ಹೆಸರಾಯಿತು. ಕಾಲನ್ನು ಹಿಡಿದುಕೊಳ್ಳುವುದಕ್ಕೆ ಹಿಡಿಯದ ಹೆಸರು! ೧೯೯೦ರಲ್ಲಿ ಜಪಾನಿನ ಶಿಮಾನೊ ಕಂಪೆನಿಯವರು ಎರಡು ತಿರುಪುಗಳಿಂದ ಬೂಟಿನ ಅಡಿಗೆ ಬಿಗಿಯುವ ಪುಟ್ಟ ಉಕ್ಕಿನ ಬಿಲ್ಲೆಯನ್ನು ಹೊರತಂದರು. ಇದನ್ನೇ ಕ್ಲೀಟು ಎನ್ನುತ್ತಾರೆ. ಪೆಡಲಿನ ಮುಂದೆ ಒಂದು ಕೊಕ್ಕೆ, ಹಿಂದೆ ಸ್ಪ್ರಿಂಗಿನ ದವಡೆ. ಕ್ಲೀಟಿನ ಮೂತಿಯನ್ನು ಕೊಕ್ಕೆಗೆ ಕೊಟ್ಟು ಅದುಮಿದರೆ ದವಡೆ ಕಚ್ಚುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಅಳಿಯನ ಪೆಡಲು ಈ ಜಾತಿಯದು.

ಆರು ಗಂಟೆಗೆ ಹೊರಟೆವು. ರಾತ್ರಿ ಮಳೆ ಬಿದ್ದು ನೆಲ ಕೆಂಪಾಗಿ ಮಿದುವಾಗಿದ್ದಿತು. ಜ್ಞಾನಭಾರತಿಯೊಳಗೆ ಒಂದು ಸುತ್ತು ಹಾಕಿ, ಕಲಾಗ್ರಾಮದ ಕಡೆಯಲ್ಲಿ ಕ್ಷಣಕಾಲ ಇಳಿದೆವು. ೨೦೧೩ರ ಡಿಸೆಂಬರಿನಲ್ಲಿ ಜಿ. ಎಸ್. ಶಿವರುದ್ರಪ್ಪನವರಿಗೂ, ಮರುವರ್ಷ ಆಗಸ್ಟಿನಲ್ಲಿ ಯು. ಆರ್. ಅನಂತಮೂರ್ತಿಯವರಿಗೂ ಅಂತ್ಯಸಂಸ್ಕಾರವಾದ ಸ್ಥಳವದು. ನಮ್ಮ ಮಿತ್ರರು ಕನ್ನಡ ಮೇಷ್ಟರಾಗಿದ್ದವರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಇಳಿಯದೆ ಮುಂದಕ್ಕೆ ಹೋಗುವುದಿಲ್ಲ. ಅಷ್ಟು ನಿಶ್ಶಬ್ದದಲ್ಲಿ ಮತ್ತೆ ಹೊರಟಾಗ ಅಳಿಯನ ಸೈಕಲ್ಲಿನ ಟಿಕ್ ಕಿರ್ ಇಮ್ಮಡಿಯಾಗಿ ಕೇಳಿಸಿ, ಅವನು ನಾಚಿಕೊಂಡು ಹಿಂದೆ ಉಳಿದನು.

ಉಳ್ಳಾಲದ ಒಂದು ಕೂಡುರಸ್ತೆಯಲ್ಲಿ ಅನಾಹುತವೊಂದು ಕೂದಲೆಳೆಯಲ್ಲಿ ತಪ್ಪಿತು. ಅಡ್ಡ ಬಂದ ಆಟೋವಿಗಾಗಿ ನಾವೆಲ್ಲರೂ ನಿಂತೆವು. ಅಳಿಯನೂ ನಿಂತನು, ಆದರೆ ಅವನ ಎಡಗಾಲು ಪೆಡಲಿನಿಂದ ಹೊರಬರಲಿಲ್ಲ. ಹಿಮ್ಮಡಿಯನ್ನು ತಿರುಗಿಸುತ್ತಲೇ ಇದ್ದನು, ಬೂಟು ತಿರುಗಿತು, ಬಿಡುಗಡೆ ಮಾತ್ರ ಆಗಲಿಲ್ಲ. ಕಡಿದ ಬಾಳೆಗಿಡದಂತೆ ಸೈಕಲ್ಲಿನೊಡನೆಯೇ ಎಡಕ್ಕೆ ಉರುಳಿದನು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕನು ಬ್ರೇಕು ಅದುಮಿದ್ದರಿಂದ ಗಾಡಿ ನಾಲ್ಕು ಮಾರು ದೂರದಲ್ಲಿಯೇ ನಿಂತಿತು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. "ನನ್ನದೇ ತಪ್ಪು ಮಾವ, ತಡವಾಗಿ ತಿರುಗಿಸಿದೆ. ಮನೆಯಲ್ಲಿ ಹೇಳಬೇಡಿ" ಎಂದನು. ನಮಗೆ ಆಗ ಉತ್ತರ ಹೊಳೆಯಲಿಲ್ಲ.

ಅಲ್ಲಿಂದ ಮುಂದೆ ಕೊಮ್ಮಘಟ್ಟ, ಸೂಲಿಕೆರೆಗಳ ಕಡೆಯ ದಾರಿ. ಮನೆಗಳ ಗುಂಪು ವಿರಳವಾಗಿ, ನಡುನಡುವೆ ರಾಗಿಯ ಹೊಲವೂ ತೆಂಗಿನ ತೋಟವೂ ಕಾಣಿಸತೊಡಗುತ್ತವೆ. ನಿವೇಶನದ ಕಲ್ಲುಗಳು ಹೊಲದ ನಡುವೆಯೂ ನಿಂತಿವೆಯೆಂಬುದು ಬೇರೆ ಮಾತು. ಮಲ್ಲತ್ತಹಳ್ಳಿಯಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಆಲದಮರ ಸಿಕ್ಕುತ್ತದೆ. ನಾನೂರು ವರ್ಷದ್ದೆಂದು ಪ್ರಸಿದ್ಧಿ. ಸುಮಾರು ಮೂರು ಎಕರೆಯಷ್ಟು ನೆಲವನ್ನು ಅದು ಆವರಿಸಿಕೊಂಡಿದೆ. ಮೂಲದ ಕಾಂಡವು ರೋಗದಿಂದ ಅಳಿದುಹೋಗಿ, ಈಗ ಇರುವುದೆಲ್ಲ ಬಿಳಲುಗಳೇ ಬೇರೂರಿ ಕಂಬಗಳಾಗಿ ನಿಂತ ಮರ. ಒಳಗೆ ಮುನೇಶ್ವರನ ಗುಡಿ. ಕೋತಿಗಳ ಹಾವಳಿಯು ಹೇಳತೀರದು. ಮಿತ್ರರ ಚಿತ್ರಾನ್ನದ ಪೊಟ್ಟಣದಲ್ಲಿ ಅರ್ಧವು ಅವುಗಳ ಪಾಲಾಯಿತು.

ಉಳಿದರ್ಧವನ್ನು ತಿಂದ ಮೇಲೆ ಮಿತ್ರರು, "ಆ ಸದ್ದಿಗೂ ಈ ಬೀಳುವಿಕೆಗೂ ಸಂಬಂಧವಿರಬಹುದೇ?" ಎಂದು ಕೇಳಿದರು. ಈ ಪ್ರಶ್ನೆಯು ನಮಗೆ ಮೊದಲೇ ತೋರಬೇಕಾಗಿದ್ದಿತು. ಮರದ ಹೊರಗಿನ ಖಾಲಿ ರಸ್ತೆಯಲ್ಲಿ ಪರೀಕ್ಷೆಗೆ ತೊಡಗಿದೆವು.

ತುಳಿಯುವುದನ್ನು ನಿಲ್ಲಿಸಿ ಸೈಕಲ್ಲು ತಾನೇ ಉರುಳುವಂತೆ ಬಿಟ್ಟಾಗ ಸದ್ದಿರಲಿಲ್ಲ. ಆದ್ದರಿಂದ ಚಕ್ರಗಳದು ತಪ್ಪಲ್ಲ. ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ಹಾಗೆಯೇ ಇದ್ದಿತು; ಸೀಟೂ ಅದರ ಕಂಬವೂ ನಿರ್ದೋಷಿಗಳು. ಈ ಕಂಬದ ಕಿರುಗುಟ್ಟುವಿಕೆಯನ್ನೇ ಪೆಡಲಿನದೆಂದು ತಿಳಿದು ಎಷ್ಟೋ ಜನ ಮೋಸಹೋಗುವುದುಂಟು. ಆಮೇಲೆ ಒಂದೊಂದೇ ಕಾಲಿನಿಂದ ತುಳಿಯುವಂತೆ ಅಳಿಯನಿಗೆ ಹೇಳಿದೆವು. ಸದ್ದು ಬಲಗಡೆಯಿಂದ ಬರುತ್ತದೆಂದು ನಮ್ಮೆಲ್ಲರ ಕಿವಿಯೂ ಸಾಕ್ಷಿ ಹೇಳುತ್ತಿದ್ದಿತು; ಬಲಗಾಲು ಒಂದೇ ತುಳಿದಾಗ ಮೌನ, ಎಡಗಾಲು ತುಳಿದ ಕೂಡಲೆ ಟಿಕ್ ಕಿರ್! ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳದಾದ್ದರಿಂದ ಒಂದು ಕಡೆಯ ದನಿಯು ಇನ್ನೊಂದು ಕಡೆಯಲ್ಲಿ ಮೊಳಗುತ್ತದೆ. ಕಿವಿಯನ್ನು ನಂಬಿ ಬಿಡಿಭಾಗ ಕೊಳ್ಳುವವರು ಇದನ್ನು ನೆನಪಿನಲ್ಲಿಡತಕ್ಕುದು. ಕೊನೆಗೆ ಬೂಟನ್ನು ಕಳಚಿಸಿ, ಮಿತ್ರರ ಚಪ್ಪಲಿಯನ್ನು ತೊಡಿಸಿ, ಅದೇ ಎಡ ಪೆಡಲನ್ನು ತುಳಿಸಿದೆವು. ಸದ್ದಿಲ್ಲ. ಕೆಳಗಿನ ಬೇರಿಂಗು ಕೆಟ್ಟಿದ್ದರೆ ಅದಕ್ಕೆ ಬೂಟು ಯಾವುದು ಚಪ್ಪಲಿ ಯಾವುದು? ದೋಷವು ಬೂಟಿಗೂ ಪೆಡಲಿಗೂ ನಡುವೆ ಇರಬೇಕು.

ಎಡ ಬೂಟನ್ನು ಮಗುಚಿ ನೋಡಿದೆವು. ಕ್ಲೀಟಿನ ಸುತ್ತ ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿದ್ದಿತು. ಕಡ್ಡಿಯಿಂದ ಕೆರೆದು ತೆಗೆದರೆ, ಒಂದು ತಿರುಪು ಬೆರಳಿಗೇ ತಿರುಗುವಷ್ಟು ಸಡಿಲ, ಇನ್ನೊಂದು ಅರೆಬಿಗಿ. ಬೂಟಿನ ಅಡಿಯಲ್ಲಿ ಕ್ಲೀಟು ಹಿಂದೆ ಕಚ್ಚಿದ್ದ ಗುರುತು ಒಂದು ಕಡೆ, ಈಗ ಅದು ಇರುವುದು ಇನ್ನೊಂದು ಕಡೆ. ಉಳ್ಳಾಲದಲ್ಲಿ ನಡೆದದ್ದೇನೆಂಬುದು ಆಗ ನಮಗೆ ಮನದಟ್ಟಾಯಿತು. ಹಿಮ್ಮಡಿ ತಿರುಗಿದಾಗ ಬೂಟು ಮಾತ್ರ ತಿರುಗಿ, ಕ್ಲೀಟು ದವಡೆಯಲ್ಲಿಯೇ ನಿಂತುಬಿಟ್ಟಿದೆ. ಹುಡುಗನದು ತಪ್ಪಲ್ಲ. ತಿಂಗಳಿಂದ ಸದ್ದು ಇದನ್ನೇ ಹೇಳುತ್ತಿದ್ದಿತು, ನಾವೆಲ್ಲರೂ ಅದನ್ನು ಬರಿಯ ಕಿರಿಕಿರಿಯೆಂದು ಎಣಿಸಿದ್ದೆವು. ಅಳಿಯನ ಮುಖವು ಬಿಳಿಚಿತು. ನಮ್ಮದೂ ಬೇರೆಯಾಗಿರಲಿಲ್ಲವೆಂದು ಮಿತ್ರರು ಆಮೇಲೆ ಹೇಳಿದರು.

ಅವನ ಚೀಲದಲ್ಲಿದ್ದ ಅಲೆನ್ ಕೀಯಿಂದ, ಕ್ಲೀಟನ್ನು ಹಳೆಯ ಗುರುತಿಗೆ ಸರಿಯಾಗಿ ಕೂರಿಸಿ, ಎರಡು ತಿರುಪುಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಬಿಗಿದೆವು. ಗುರುತು ತಪ್ಪಿ ಕ್ಲೀಟು ವಕ್ರವಾದರೆ ಮೊಣಕಾಲಿಗೆ ನೋವು ಹಿಡಿಯುತ್ತದೆ. ಆದಕಾರಣ ಬಿಚ್ಚುವ ಮೊದಲೇ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಳ್ಳುವುದು ಕ್ಷೇಮ. ಇದಕ್ಕೆ ಬೇಕಾದ ಬಿಗಿಯು ೫ರಿಂದ ೬ ನ್ಯೂಟನ್ ಮೀಟರು. ಗಿಡ್ಡ ಕೀಯನ್ನು ಬೆರಳುಗಳಿಂದ ಗಟ್ಟಿಯಾಗಿ ತಿರುಗಿಸಿದರೆ ಸಾಲುತ್ತದೆ, ಮೈಭಾರ ಬಿಡಬಾರದು. ಹೊರಡುವ ಮುನ್ನ ಅಳಿಯನು ಗೋಡೆ ಹಿಡಿದು ನಿಂತು ಹತ್ತು ಸಲ ಕಾಲು ಸಿಕ್ಕಿಸಿ ಬಿಡಿಸಿ ನೋಡಿದನು. ಹತ್ತು ಸಲವೂ ಬಿಟ್ಟಿತು.

ಹಿಂದಿರುಗುವಾಗ ಕುಂಬಳಗೋಡಿನ ಬಳಿ ಮೈಸೂರು ರಸ್ತೆಯನ್ನು ಹಿಡಿದೆವು. ಚಲ್ಲಘಟ್ಟದಿಂದ ಈಚೆಗೆ ಮೆಟ್ರೊ ರೈಲು ತಲೆಯ ಮೇಲೆ ಜೊತೆಯಾಗುತ್ತದೆ. ೨೦೨೧ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಬಂದದ್ದು ೨೦೨೩ರ ಅಕ್ಟೋಬರಿನಲ್ಲಿ ಅಲ್ಲಿಯವರೆಗೂ ಮುಂದುವರಿಯಿತು. ಕೆಂಗೇರಿಯಲ್ಲಿ ವೃಷಭಾವತಿಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸಿತು. ನದಿಯೊಂದನ್ನು ಹೀಗೆ ಬರೆಯಬೇಕಾಗಿ ಬಂದದ್ದು ವ್ಯಸನದ ಸಂಗತಿ.

ಜ್ಞಾನಭಾರತಿಯ ಏರಿನಲ್ಲಿ ಅಳಿಯನು ಬಲವಾಗಿ ತುಳಿಯುತ್ತಲೆ ಮತ್ತೆ 'ಕಿರ್' ಎಂದಿತು! ಟಿಕ್ಕು ಹೋಗಿದ್ದಿತು, ಕಿರ್ರು ಉಳಿದಿದ್ದಿತು. ನಮ್ಮ ಪರೀಕ್ಷೆಯಲ್ಲಿ ಲೋಪವಿದ್ದುದು ಹೀಗೆ ಹೊರಬಿದ್ದಿತು: ಚಪ್ಪಲಿಯಲ್ಲಿ ಅವನು ಸಮನೆಲದ ಮೇಲೆ ಹಗುರವಾಗಿ ತುಳಿದಿದ್ದನು, ಭಾರ ಬಿದ್ದರೆ ಮಾತ್ರ ಕೂಗುವ ದೋಷವು ಅದರಲ್ಲಿ ಸಿಕ್ಕುವಂತಿರಲಿಲ್ಲ.

ಮಲ್ಲತ್ತಹಳ್ಳಿಯಲ್ಲಿ ನಮಗೆ ಪರಿಚಯದ ಸೈಕಲ್ ಷಾಪಿನ ಯಜಮಾನರೊಬ್ಬರಿದ್ದಾರೆ. ಈ ಹೊಸ ಪೆಡಲುಗಳನ್ನು ಅವರು ಕಂಡದ್ದು ಅಪರೂಪ. ಪೆಡಲನ್ನು ಹಿಡಿದು ಅಲ್ಲಾಡಿಸಿದರು. ಒಳಗಿನ ಗೋಲಿಗಳಲ್ಲಿ ಸಡಿಲವಿರಲಿಲ್ಲ. "ಇದನ್ನು ಬಿಚ್ಚಿ ಎಷ್ಟು ದಿನ ಆಯಿತು?" ಎಂದರು. ಕೊಂಡಂದಿನಿಂದ ಬಿಚ್ಚಿಲ್ಲವೆಂದು ಉತ್ತರ. ಅಳಿಯನು ಉತ್ಸಾಹದಿಂದ ಪಾನಾ ತೆಗೆದುಕೊಂಡು ಎಡ ಪೆಡಲನ್ನು ಬಿಚ್ಚಲು ಹೊರಟು, ಬೆವರು ಸುರಿಸಿದಷ್ಟೂ ಅದು ಬಿಗಿಯುತ್ತ ಹೋಯಿತು.

"ಎಡಗಡೇದು ಉಲ್ಟಾ ಥ್ರೆಡ್ಡು ಕಣಪ್ಪ" ಎಂದು ಯಜಮಾನರು ನಕ್ಕರು. "ಪಾನಾ ನೆಟ್ಟಗೆ ಮೇಲಕ್ಕೆ ನಿಲ್ಲಿಸು. ಹಿಂಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತದೆ, ಮುಂಚಕ್ರದ ಕಡೆಗೆ ಎಳೆದರೆ ಬಿಗಿಯುತ್ತದೆ. ಎರಡು ಕಡೆಗೂ ಇದೇ ಲೆಕ್ಕ."

ತುಳಿತದ ಭಾರವು ಸುತ್ತುತ್ತಿರುವಾಗ ಪೆಡಲಿನ ಅಚ್ಚು ತನ್ನ ರಂಧ್ರದೊಳಗೆ ಎದುರು ದಿಕ್ಕಿಗೆ ಕೂದಲಷ್ಟು ಉರುಳುತ್ತದೆ. ಎಡಗಡೆಯ ಮರೆ ನೇರವಾಗಿದ್ದರೆ ದಾರಿಯಲ್ಲಿಯೇ ಕಳಚಿಬೀಳುತ್ತಿದ್ದಿತು. ಹಳೆಯ ಕಪ್ಪು ಸೈಕಲ್ಲಿಗೂ ಇದೇ ಏರ್ಪಾಟು. ಹೊರತೆಗೆದ ಮರೆಯಲ್ಲಿ ಗ್ರೀಸಿನ ಹನಿಯೂ ಇರಲಿಲ್ಲ; ಒಣಗಿ ಬೂದಿಬಣ್ಣವಾಗಿದ್ದಿತು. ಬಟ್ಟೆಯಿಂದ ಒರಸಿ, ಗ್ರೀಸು ಬಳಿದು, ಮೊದಲು ಕೈಯಿಂದಲೇ ಸುತ್ತಿ, ಕೊನೆಗೆ ಉದ್ದ ಪಾನಾದಿಂದ ಚೆನ್ನಾಗಿ ಬಿಗಿದರು. ಇದಕ್ಕೆ ಕ್ಲೀಟಿನಂತಲ್ಲ, ೩೫ ನ್ಯೂಟನ್ ಮೀಟರಿಗೆ ಕಡಮೆಯಾಗಬಾರದು. ಕ್ಲೀಟಿನ ತಿರುಪುಗಳನ್ನೂ ಒಂದೊಂದಾಗಿ ತೆಗೆದು ಗ್ರೀಸು ಮುಟ್ಟಿಸಿದರು. ದವಡೆಯ ಸ್ಪ್ರಿಂಗಿಗೆ ಒಂದೇ ತೊಟ್ಟು ಎಣ್ಣೆ. ಮಿಕ್ಕದ್ದನ್ನು ಒರಸಿಬಿಟ್ಟರು, ಇಲ್ಲವಾದರೆ ಧೂಳೆಲ್ಲ ಅಲ್ಲಿಯೇ ಮನೆಮಾಡುತ್ತದೆ. ಮೋಟಾರು ತೊಳೆಯುವ ಕಡೆ ಕೊಟ್ಟು ರಭಸದ ನೀರು ಹೊಡೆಸಬಾರದೆಂದೂ, ಹಾಗೆ ಮಾಡಿದರೆ ಒಳಗಿನ ಗ್ರೀಸು ತೊಳೆದುಹೋಗುವುದೆಂದೂ ಗದರಿದರು. ಸಾವಿರಗಳ ಖರ್ಚಿನ ಮಾತು ಕೇಳಿ ಏನೂ ಹೇಳಲಿಲ್ಲ. ತಾವು ತೆಗೆದುಕೊಂಡದ್ದು ಐವತ್ತು ರೂಪಾಯಿ.

ಏರಿಗೆ ಮತ್ತೊಮ್ಮೆ ಹೋಗಿ ಬಂದೆವು. ಚೈನಿನ ಸಣ್ಣ ಗುಂಯಿಗುಡುವಿಕೆ ಮಾತ್ರ ಕೇಳಿಸಿತು.

ಬಿದ್ದ ಸಂಗತಿಯನ್ನು ಮನೆಯಲ್ಲಿ ಹೇಳುವುದೋ ಬಿಡುವುದೋ ಎಂದು ಬಾಗಿಲವರೆಗೂ ಯೋಚಿಸಿದೆವು. ತರಚಿದ ಮೊಣಕೈಯನ್ನು ಭಾವನವರು ತಾವೇ ಕಂಡರು. ಆಮೇಲೆ ಬಸ್ಸಿನ ವಿಷಯವನ್ನೂ ಮರೆಮಾಚದೆ ಹೇಳಿಬಿಟ್ಟೆವು. ಬಹಳ ಹೊತ್ತು ಸುಮ್ಮನಿದ್ದರು. ಎಡ ಬೂಟನ್ನು ತರಿಸಿ, ಮಗುಚಿ, ಎರಡು ತಿರುಪುಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಆ ಕೀ ಎಲ್ಲಿ?" ಎಂದು ಕೇಳಿದರು. ಈಗ ಅದು ಅವರ ಮನೆಯ ತಲೆಬಾಗಿಲ ಪಕ್ಕದ ಮೊಳೆಯಲ್ಲಿ, ಬೀಗದ ಕೈಗಳ ಜೊತೆಗೆ ತೂಗಾಡುತ್ತಿದೆ. ಪ್ರತಿ ಶನಿವಾರ ಸಂಜೆ ಬೂಟು ಮಗುಚಿ ನೋಡುವವರು ಅವರೇ.